ಆಯಿಯನ್ನು ಕುರ್ಚಿಯಲ್ಲಿ ಕೂರಿಸಬೇಡಿ

ಕುಮಟಾದ ಹತ್ತಿರದ ಹಳ್ಳಿಯೊಂದರಿಂದ ಎಪ್ಪತ್ತು ದಾಟಿದ ತಾಯಿಯನ್ನು ಮಗ ನನ್ನಲ್ಲಿಗೆ ಕರೆತಂದಿದ್ದರು. ತಾಯಿ ಎರಡು ಸಲ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದರು. ಒಮ್ಮೆ ಗದ್ದೆಯಿಂದ ಮನೆಗೆ ಬರುವ ದಾರಿಯೇ ತಪ್ಪಿತ್ತು. ‘ಈಗ ಆಯಿಗೆ ಯಾವ ಕೆಲ್ಸನೂ ಮಾಡುಕೆ ಬಿಡುದಿಲ್ಲ ಡಾಕ್ಟ್ರೇ. ಕೂತಲ್ಲೇ ಊಟ, ಕೂತಲ್ಲೇ ಟಿ.ವಿ.’ ಎಂದರು ಮಗ. ಪ್ರೀತಿಯಿಂದ ಮಾಡಿದ್ದು, ಸಂಶಯವಿಲ್ಲ. ಆದರೆ ಆ ಪ್ರೀತಿಯೇ ಆಯಿಗೆ ಕೆಡುಕು ಮಾಡುತ್ತಿರಬಹುದು ಎಂದು ನಾನು ಹೇಳಬೇಕಾಯಿತು. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಈ ವಾರದ ಮಾತು ನಿಮಗಾಗಿ.

ವಯಸ್ಸಾದ ಮೇಲಿನ ಮರೆವೆಲ್ಲ ಕಾಯಿಲೆಯಲ್ಲ. ಆದರೆ ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಬಿಡುವಂಥದೂ ಅಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿ ರೋಗವಿದೆ. ಇದರಲ್ಲಿ ಮುಖ್ಯವಾದುದು ಅಲ್ಜೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದ. ಮಿದುಳಿನ ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಗಸಿಯಂತೆ ಕಟ್ಟಿಕೊಳ್ಳುತ್ತದೆ. ಕೋಶಗಳ ಒಳಗೆ ಟಾವ್ ಎಂಬ ಇನ್ನೊಂದು ಪ್ರೋಟೀನು ನೂಲಿನ ಸಿಕ್ಕಿನಂತೆ ಗಂಟಾಗುತ್ತದೆ. ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಮೊದಮೊದಲೇ ಏಟು ತಿನ್ನುತ್ತದೆ.

ವ್ಯಾಯಾಮಕ್ಕೂ ಇದಕ್ಕೂ ಏನು ಸಂಬಂಧ? ಅದನ್ನು ತೋರಿಸಿಕೊಟ್ಟದ್ದು ಇಲಿಗಳು. ಇಲಿಗೆ ತಾನಾಗಿ ಅಲ್ಜೈಮರ್ ಬರುವುದಿಲ್ಲ. ವಿಜ್ಞಾನಿಗಳು ಮನುಷ್ಯನ ದೋಷಯುಕ್ತ ಜೀನನ್ನು ಸೇರಿಸಿ ಅಂಥ ಇಲಿಗಳನ್ನು ಹುಟ್ಟಿಸುತ್ತಾರೆ. ಅಮೆರಿಕದ ಅರ್ವೈನಿನಲ್ಲಿ ಕಾರ್ಲ್ ಕಾಟ್‌ಮನ್ ಮತ್ತು ಸಂಗಡಿಗರು ಇಂಥ ಇಲಿಗಳ ಪಂಜರದಲ್ಲಿ ತಿರುಗುವ ಚಕ್ರವಿಟ್ಟರು. ಐದು ತಿಂಗಳು ಚಕ್ರದಲ್ಲಿ ಓಡಿದ ಇಲಿಗಳ ಮಿದುಳಿನಲ್ಲಿ, ಸುಮ್ಮನೆ ಕೂತ ಇಲಿಗಳಿಗಿಂತ ಅಮಿಲಾಯ್ಡ್ ಗಸಿ ಕಡಿಮೆಯಿತ್ತು. ನೀರಿನ ತೊಟ್ಟಿಯಲ್ಲಿ ಅಡಗಿಸಿಟ್ಟ ಮಣೆಯನ್ನು ಹುಡುಕುವುದನ್ನೂ ಅವು ಬೇಗ ಕಲಿತವು. ಇದು 2005ರ ಮಾತು.

ಒಳಗೆ ನಡೆಯುವುದೇನು ಎಂಬುದೂ ಅಷ್ಟಿಷ್ಟು ತಿಳಿದಿದೆ. ಓಡಿದ ಇಲಿಗಳ ಹಿಪ್ಪೊಕ್ಯಾಂಪಸ್ಸಿನಲ್ಲಿ ಬಿ.ಡಿ.ಎನ್.ಎಫ್. ಎಂಬ ಪೋಷಕ ಪ್ರೋಟೀನು ಹೆಚ್ಚುತ್ತದೆಂದು ಕಾಟ್‌ಮನ್ ತಂಡವೇ 1995ರಲ್ಲಿ ಕಂಡಿತ್ತು. ಇದನ್ನು ನರಕೋಶಗಳಿಗೆ ಗೊಬ್ಬರವೆನ್ನಬಹುದು. ಓಟದಿಂದ ಅಲ್ಲಿ ಹೊಸ ನರಕೋಶಗಳೂ ಹುಟ್ಟುತ್ತವೆಂದು 1999ರಲ್ಲಿ ಗೊತ್ತಾಯಿತು. 2018ರಲ್ಲಿ ಬಾಸ್ಟನ್ನಿನ ಸಂಶೋಧಕರು, ವ್ಯಾಯಾಮವಿಲ್ಲದೆ ಬರಿಯ ಹೊಸ ಕೋಶ ಹುಟ್ಟಿಸಿದರೆ ಸಾಲದು, ಗೊಬ್ಬರವೂ ಬೇಕು ಎಂದು ತೋರಿಸಿದರು. ಸಸಿ ನೆಟ್ಟು ಗೊಬ್ಬರ ಹಾಕದಿದ್ದರೆ ಏನಾಗುತ್ತದೆಂದು ಗದ್ದೆ ಇರುವವರಿಗೆ ನಾನು ಹೇಳಬೇಕೆ? ವ್ಯಾಯಾಮ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಮರುವರ್ಷ ಬ್ರೆಜಿಲಿನವರು ಇಲಿಗಳನ್ನು ಈಜಿಸಿ, ಐರಿಸಿನ್ ಎಂಬ ಹಾರ್ಮೋನನ್ನು ತಡೆದರೆ ವ್ಯಾಯಾಮದ ಲಾಭವೇ ಇಲ್ಲವಾಗುತ್ತದೆಂದು ಕಂಡರು.

ಚಕ್ರದ ವಿಷಯದಲ್ಲಿ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಆ ಇಲಿಗಳನ್ನು ಯಾರೂ ಕೋಲು ಹಿಡಿದು ಓಡಿಸಲಿಲ್ಲ. ತಮಗೆ ಬೇಕೆನಿಸಿದಾಗ ಹತ್ತಿ ಓಡಿದವು.

ಹಾಗೆಂದು ಇಲಿಯ ಸುದ್ದಿ ಓದಿ ‘ನಡೆದರೆ ಅಲ್ಜೈಮರ್ ವಾಸಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂಗ್ಲೆಂಡಿನಲ್ಲಿ ಮರೆಗುಳಿ ರೋಗ ಆಗಲೇ ಬಂದಿದ್ದ 494 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಹೊರಬಂತು. ಕೆಲವರಿಗೆ ನಾಲ್ಕು ತಿಂಗಳು ಬಿರುಸಿನ ವ್ಯಾಯಾಮ ಮಾಡಿಸಿದ್ದರು. ಮೈಯ ಕಸುವು ಹೆಚ್ಚಿತು, ಮರೆವಿನ ಓಟ ನಿಧಾನವಾಗಲಿಲ್ಲ. ಅದೇ ಅಮೆರಿಕದಲ್ಲಿ ಕಾಯಿಲೆ ಇಲ್ಲದ 120 ಹಿರಿಯರನ್ನು ಒಂದು ವರ್ಷ ನೋಡಿದಾಗ, ವಾರಕ್ಕೆ ಮೂರು ದಿನ ನಡೆದವರ ಹಿಪ್ಪೊಕ್ಯಾಂಪಸ್ ಶೇಕಡಾ 2ರಷ್ಟು ಹಿಗ್ಗಿತ್ತು (2011). ಅಂದರೆ ಕಾಲ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಡೆಸುವ ದೀರ್ಘ ಅಧ್ಯಯನಕ್ಕೆ 45 ದಾಟಿದವರನ್ನು ಆರಿಸಿಕೊಂಡಿರುವುದು ಸುಮ್ಮನೆ ಅಲ್ಲ.

ಆ ಆಯಿಗೆ ಮೊದಲು ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಬಿ-12 ಪರೀಕ್ಷೆ ಮಾಡಿಸಿದೆವು. ಕಿವಿಯನ್ನೂ ನೋಡಿಸಿದೆವು. ಮರೆವಿನಂತೆ ಕಾಣುವ ಎಷ್ಟೋ ತೊಂದರೆಗಳಿಗೆ ಮದ್ದಿದೆ, ಇವನ್ನು ನೀವೂ ಬಿಡಬೇಡಿ. ಆಮೇಲೆ ಕುರ್ಚಿ ಬಿಡಿಸಿದೆವು. ಒಲೆಯ ಕೆಲಸ ಬೇಡ, ಒಬ್ಬರೇ ಗದ್ದೆಗೆ ಹೋಗುವುದೂ ಬೇಡ. ಅಂಗಳದ ಅಬ್ಬಲಿಗೆ ಕೊಯ್ಯಲಿ, ಸಂಜೆ ಮೊಮ್ಮಗಳ ಜೊತೆ ದೇವಸ್ಥಾನದವರೆಗೆ ನಡೆಯಲಿ. ಮನೆಯವರ ಫೋನ್ ನಂಬರಿನ ಚೀಟಿ ಸದಾ ಸೊಂಟದಲ್ಲಿರಲಿ. ನಮ್ಮ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ಅಪಾಯ, ಆಗ ಜಗುಲಿಯಲ್ಲೇ ಸುತ್ತು ಹಾಕಲಿ. ಮರೆವು ಹೋಗಿಲ್ಲ, ಹೋಗುತ್ತದೆಂದು ನಾನು ಹೇಳಿಯೂ ಇರಲಿಲ್ಲ. ರಾತ್ರಿ ನಿದ್ದೆ ಬರುತ್ತಿದೆ, ಸಿಡುಕು ಕಡಿಮೆಯಾಗಿದೆ. ದಂಡೆ ಕಟ್ಟುವ ಬೆರಳುಗಳು ಏನನ್ನೂ ಮರೆತಿಲ್ಲ.

ಮಗನಿಗೆ 48. ರಕ್ತದೊತ್ತಡ ಶುರುವಾಗಿದೆ, ಮನೆಯಿಂದ ಅರ್ಧ ಕಿಲೋಮೀಟರು ದೂರದ ಅಂಗಡಿಗೂ ಬೈಕು ಬೇಕು. ಇಲಿಗಳ ಪಾಠ ತಾಯಿಗಿಂತ ಹೆಚ್ಚಾಗಿ ನಿಮಗೇ ಎಂದು ಅವರಿಗೆ ಹೇಳಿ ಕಳಿಸಿದ್ದೇನೆ. ಮುಂದಿನ ಸಲ ಬಂದಾಗ ಬೈಕಿನ ವಿಚಾರ ಕೇಳಬೇಕು.