ಹಳೆ ಲೇತ್ ಗುಜರಿಗಲ್ಲ

ಹರಿಹರದ ಮೈಸೂರು ಕಿರ್ಲೋಸ್ಕರ್ ಆರಂಭವಾದದ್ದು 1941ರಲ್ಲಿ, ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ. ಎರಡೂ ಲೇತ್‌ಗಳಿಗೆ ಹೆಸರಾದವು. ಆ ಯಂತ್ರಗಳನ್ನು ಇಂದು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕುವುದು ದೊಡ್ಡ ನಷ್ಟ.

ಎರಕದ ಕಬ್ಬಿಣದ ಭಾರಿ ಬೆಡ್ ಕಂಪನವನ್ನು ತಡೆದುಕೊಳ್ಳುತ್ತದೆ. ಸವೆದರೂ ಸರಿಪಡಿಸಬಹುದು. ನೀಲಿ ಬಣ್ಣ ಸವರಿದ ಸ್ಟ್ರೈಟ್ ಎಡ್ಜ್ ಅನ್ನು ಅದರ ಮೇಲೆ ಮೆಲ್ಲಗೆ ಎಳೆದರೆ ಉಬ್ಬಿದ ಜಾಗಗಳಿಗಷ್ಟೇ ಬಣ್ಣ ಅಂಟುತ್ತದೆ. ಅವನ್ನು ಸ್ಕ್ರೇಪರ್‌ನಿಂದ ಹೆರೆಯುತ್ತಾ, ಮತ್ತೆ ಮತ್ತೆ ಪರೀಕ್ಷಿಸುತ್ತಾ ಹೋದರೆ ಮೇಲ್ಮೈ ಸಮವಾಗುತ್ತದೆ. ಸೂಕ್ತ ವಿಎಫ್‌ಡಿ (ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್) ಇದ್ದರೆ ಲೇತ್‌ನ ಚಿಕ್ಕ ತ್ರೀ ಫೇಸ್ ಮೋಟರ್ ಮನೆಯ ಸಿಂಗಲ್ ಫೇಸ್‌ನಲ್ಲೂ ಓಡುತ್ತದೆ.

ಬೆಲ್ಟ್‌ಗೆ ಗಾರ್ಡ್, ಕಣ್ಣಿಗೆ ಸುರಕ್ಷಾ ಕನ್ನಡಕ ಮಾತ್ರ ಕಡ್ಡಾಯ.

ಐಟಿಐ, ಪಾಲಿಟೆಕ್ನಿಕ್‌ಗಳು ಹಳೆ ಲೇತ್‌ಗಳನ್ನು ವಿಲೇವಾರಿ ಮಾಡುವಾಗ, ಮನೆಯಲ್ಲೇ ವರ್ಕ್‌ಶಾಪ್ ಇಟ್ಟುಕೊಂಡವರಿಗೆ ಮೊದಲ ಅವಕಾಶ ಕೊಡಬೇಕು. ನಿವೃತ್ತ ಫಿಟ್ಟರ್‌ಗಳನ್ನು ಕರೆಸಿ ಸ್ಕ್ರೇಪಿಂಗ್ ಕಲಿಸುವ ಕೆಲಸವೂ ಅಲ್ಲೇ ಶುರುವಾಗಲಿ.