ಪ್ರಾಸ್ಟೇಟ್: ಕೆಲವರಿಗೆ ತಡ, ಕೆಲವರಿಗೆ ಅವಸರ

ಹಿರಿಯರ ಮೂತ್ರದ ತೊಂದರೆಗೆ ಲೇಸರ್‌ಗಿಂತ ಮೊದಲು ಬೇಕಿರುವುದು ಏಳು ಪ್ರಶ್ನೆಗಳು

ಊರಿಗೆ ಹೋಗುವ ಬಸ್ಸಿನಲ್ಲಿ ಅರವತ್ತು ದಾಟಿದ ಗಂಡಸರನ್ನು ಗಮನಿಸಿ. ಪ್ರಯಾಣವಿದ್ದ ದಿನ ಕಾಫಿ ಬೇಡ, ನೀರೂ ಬೇಡ. ನಿಲ್ದಾಣದಲ್ಲಿ ಮೊದಲು ಇಳಿಯುವವರು ಅವರೇ, ಕೊನೆಗೆ ಹತ್ತುವವರೂ ಅವರೇ. ಕಂಡಕ್ಟರ್ ಸೀಟಿ ಊದುತ್ತಿದ್ದರೂ ಗೋಡೆಗೆ ಮುಖ ಮಾಡಿ ನಿಂತೇ ಇರುತ್ತಾರೆ. ಬಂದಂತಾಗುತ್ತದೆ, ಬರುವುದಿಲ್ಲ. ಮಂಡಿನೋವನ್ನು ಜಗಲಿಯಲ್ಲಿ ಕೂತು ನಾಲ್ಕು ಜನರಿಗೆ ಹೇಳಿಕೊಳ್ಳುವವರು ‘ಒಂದಕ್ಕೆ’ ಸರಿಯಾಗಿ ಆಗುತ್ತಿಲ್ಲವೆಂದು ಹೆಂಡತಿಗೂ ಹೇಳುವುದಿಲ್ಲ.

ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿ ಹರೆಯದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ವಯಸ್ಸಾದಂತೆ ಅದು ಬೆಳೆಯುವುದು ಸಹಜ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ. ಗ್ರಂಥಿಯ ಗಾತ್ರಕ್ಕೂ ತೊಂದರೆಗೂ ಲೆಕ್ಕ ತಾಳೆಯಾಗಬೇಕೆಂದೂ ಇಲ್ಲ. ದೊಡ್ಡ ಗ್ರಂಥಿ ಇಟ್ಟುಕೊಂಡು ಆರಾಮಾಗಿರುವವರಿದ್ದಾರೆ, ಸಣ್ಣದರಿಂದ ಒದ್ದಾಡುವವರೂ ಇದ್ದಾರೆ. ಇದನ್ನು ತಿಳಿಯದಿರುವುದರಿಂದಲೇ ನಮ್ಮಲ್ಲಿ ಎರಡು ಬಗೆಯ ಅನ್ಯಾಯ ನಡೆಯುತ್ತಿದೆ.

ಮೊದಲನೆಯದು ತಡ. ನೆಗಡಿಗೆಂದು ಮೆಡಿಕಲ್ ಶಾಪಿನಿಂದ ತಂದು ನುಂಗಿದ ಒಂದು ಮಾತ್ರೆ, ಇಲ್ಲವೇ ದೂರದ ಪ್ರಯಾಣದಲ್ಲಿ ತಡೆದುಕೊಂಡಿದ್ದು, ಅಷ್ಟೇ ನೆಪ. ಅದೇ ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಳ್ಳುತ್ತದೆ. ಹೊಟ್ಟೆಯ ಕೆಳಭಾಗ ಕಲ್ಲಿನಂತಾಗಿ, ಬೆವರುತ್ತಾ ಆಸ್ಪತ್ರೆಗೆ ಬಂದವರಿಗೆ ಪೈಪು ಹಾಕಿದ ಮೇಲೆಯೇ ಉಸಿರು ಬರುವುದು. ಇವರಾದರೂ ವೈದ್ಯರ ಕಣ್ಣಿಗೆ ಬಿದ್ದರು. ನೋವಿಲ್ಲದೆ, ವರ್ಷಗಟ್ಟಲೆ ಅರ್ಧಂಬರ್ಧ ಖಾಲಿಯಾಗುವ ಮೂತ್ರಕೋಶದ ಕಥೆ ಬೇರೆ. ಅದರ ಸ್ನಾಯು ಎಳೆದೆಳೆದು ಸಡಿಲಾದ ಇಲಾಸ್ಟಿಕ್‌ನಂತಾಗುತ್ತದೆ, ಹಿಮ್ಮುಖದ ಒತ್ತಡಕ್ಕೆ ಮೂತ್ರಪಿಂಡವೂ ಸೊರಗುತ್ತದೆ. ಆಮೇಲೆ ಆಪರೇಷನ್ ಮಾಡಿ ದಾರಿ ಬಿಡಿಸಿದರೂ ತಳ್ಳುವ ಶಕ್ತಿ ಮರಳದೇ ಹೋಗಬಹುದು.

ಎರಡನೆಯದು ಅವಸರ. ಬೇರಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್ ವರದಿಯಲ್ಲಿ ‘ಪ್ರಾಸ್ಟೇಟ್ ದೊಡ್ಡದಾಗಿದೆ’ ಎಂಬ ಸಾಲು ಕಂಡದ್ದೇ ಮನೆಮಂದಿ ಗಾಬರಿಯಾಗುತ್ತಾರೆ. ‘ನೋವಿಲ್ಲದ ಲೇಸರ್’ ಎನ್ನುವ ಜಾಹೀರಾತುಗಳು ಕಾಯುವುದು ಆ ಗಾಬರಿಗೇ. ಸಣ್ಣಪುಟ್ಟ ತೊಂದರೆಗೆ ರಾತ್ರಿ ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ ಸಾಕಾಗಬಹುದು. ಅದಕ್ಕೂ ಬಗ್ಗದಿದ್ದರೆ ಟ್ಯಾಮ್ಸುಲೋಸಿನ್‌ನಂತಹ ಮಾತ್ರೆಗಳಿವೆ. ಮತ್ತೆ ಮತ್ತೆ ಮೂತ್ರ ಕಟ್ಟಿಕೊಂಡರೆ, ರಕ್ತ ಬೀಳುತ್ತಿದ್ದರೆ, ಸೋಂಕು ಮರುಕಳಿಸಿದರೆ, ಮೂತ್ರಕೋಶದಲ್ಲಿ ಕಲ್ಲಾದರೆ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದರೆ ಅಥವಾ ಮಾತ್ರೆಗೆ ಜಗ್ಗದಿದ್ದರೆ ಶಸ್ತ್ರಚಿಕಿತ್ಸೆ ಬೇಕು.

ಆ ಶಸ್ತ್ರಚಿಕಿತ್ಸೆಯೂ ಈಗ ಭಯಪಡುವಂಥದ್ದಲ್ಲ. ಭಾರತದಲ್ಲಿ ಸೇನಾ ವೈದ್ಯಕೀಯ ಸೇವೆಯಲ್ಲಿದ್ದು ಲಂಡನ್‌ಗೆ ಮರಳಿದ ಪೀಟರ್ ಫ್ರೇಯರ್ 1900ರ ಸುಮಾರಿಗೆ ಹೊಟ್ಟೆ ಕೊಯ್ದು ಗ್ರಂಥಿ ತೆಗೆಯುತ್ತಿದ್ದರು. ಇಂದಿನ ಟಿಯುಆರ್‌ಪಿಯಲ್ಲಿ ಹೊರಗೆ ಗಾಯವೇ ಇಲ್ಲ. ಮೂತ್ರದ ದಾರಿಯಲ್ಲೇ ಉಪಕರಣ ಇಳಿಸಿ, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಅಡ್ಡಬಂದ ಭಾಗವನ್ನು ತುಣುಕು ತುಣುಕಾಗಿ ಹೆರೆದು ತೆಗೆಯುತ್ತಾರೆ. ತೀರಾ ದೊಡ್ಡ ಗ್ರಂಥಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಹೋಲ್ಮಿಯಂ ಲೇಸರ್ ಅನುಕೂಲ. ‘ಗಂಡಸುತನ ಹೋಗುತ್ತದೆ’ ಎಂಬ ಪಿಸುಮಾತು ಹೆಚ್ಚಿನವರ ಮಟ್ಟಿಗೆ ನಿಜವಲ್ಲ. ಆದರೆ ವೀರ್ಯ ಹೊರಬಾರದೆ ಮೂತ್ರಕೋಶಕ್ಕೆ ಹಿಂದಿರುಗುವುದು ಸಾಮಾನ್ಯ. ಅದನ್ನು ಆಪರೇಷನ್‌ಗೆ ಮೊದಲೇ ಬಿಡಿಸಿ ಹೇಳುವುದು ವೈದ್ಯರ ಹೊಣೆ.

ಹಾಗಾದರೆ ಯಾರಿಗೆ ಬೇಕು, ಯಾರಿಗೆ ಬೇಡ? ಜಗತ್ತಿನಾದ್ಯಂತ ಯುರಾಲಜಿಸ್ಟರು ಬಳಸುವ ಒಂದು ಹಾಳೆಯಿದೆ. ಅದರಲ್ಲಿ ಕಳೆದ ಒಂದು ತಿಂಗಳ ಬಗ್ಗೆ ಏಳು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ 5 ಅಂಕ. ಒಟ್ಟು 35ರಲ್ಲಿ 7ರವರೆಗೆ ಬಂದರೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಮೇಲ್ಪಟ್ಟರೆ ತೀವ್ರ. ಕೊನೆಗೊಂದು ಪ್ರಶ್ನೆ ಬೇರೆಯಾಗಿಯೇ ಇದೆ: ಬಾಳಿನುದ್ದಕ್ಕೂ ಹೀಗೇ ಇದ್ದರೆ ನಿಮಗೆ ಹೇಗನಿಸುತ್ತದೆ? ಇದಕ್ಕೆ ಯಂತ್ರ ಬೇಡ, ತಜ್ಞರೂ ಬೇಡ. ರೋಗವನ್ನು ಖಚಿತಪಡಿಸುವ ಹಾಳೆಯಲ್ಲ ಇದು, ಯಾರನ್ನು ಮುಂದಕ್ಕೆ ಕಳಿಸಬೇಕೆಂದು ತೋರಿಸುವ ಕೈಮರ.

ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಸಕ್ಕರೆ, ಬಾಯಿ ಕ್ಯಾನ್ಸರ್ ತಪಾಸಣೆ ನಡೆಯುತ್ತದೆ. ಐವತ್ತು ದಾಟಿದ ಗಂಡಸರಿಗೆ ಅಲ್ಲೇ ಈ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಲಿ. ಆಶಾ ಕಾರ್ಯಕರ್ತೆಯ ಮುಂದೆ ಹಿರಿಯರು ಬಾಯಿ ಬಿಡುವುದು ಕಷ್ಟ, ಹಾಗಾಗಿ ಪುರುಷ ಸಿಬ್ಬಂದಿಯೇ ಕೇಳಲಿ. ಎಲ್ಲರಿಗೂ ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ಹುಡುಕುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಲಕ್ಷಣವಿಲ್ಲದವರಿಗೆ ಅದು ಬೇಡದ ಬಯಾಪ್ಸಿಗೆ ದಾರಿಯಾದೀತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಬೆಂಗಳೂರಿನಲ್ಲಿ ಸರ್ಕಾರದ್ದೇ ನೆಫ್ರೊ-ಯುರಾಲಜಿ ಸಂಸ್ಥೆಯಿದೆ. ಆದರೆ ತೊಂದರೆಯನ್ನು ಬಾಯಿಬಿಟ್ಟು ಹೇಳದವನಿಗೆ ಇವುಗಳಿಂದೇನು ಪ್ರಯೋಜನ?

ಹೇಳಿಸುವ ಉಪಾಯ ಆ ಹಾಳೆಯಲ್ಲೇ ಇದೆ. ಏಳನೇ ಪ್ರಶ್ನೆ ನಾಚಿಕೆಯನ್ನು ಬಳಸಿಕೊಂಡು ಹೋಗುತ್ತದೆ, ಕೇಳುವುದು ನಿದ್ದೆಯ ಬಗ್ಗೆ. ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾ ಅದನ್ನೇ ಮೊದಲು ಕೇಳಬಹುದು: ‘ರಾತ್ರಿ ಎಷ್ಟು ಸಲ ಏಳ್ತೀರಿ ಯಜಮಾನ್ರೇ?’ ನಿದ್ದೆ ಕೆಟ್ಟದ್ದನ್ನು ಹೇಳಿಕೊಳ್ಳಲು ಯಾವ ಗಂಡಸಿಗೂ ಸಂಕೋಚವಿಲ್ಲ. ಉಳಿದ ಆರಕ್ಕೆ ಉತ್ತರ ಅದರ ಹಿಂದೆಯೇ ಬರುತ್ತದೆ.