ಕ್ರೂರ ದಂಡನೆ ನ್ಯಾಯವಾದೀತೆ?

ಘೋರ ಅಪರಾಧವೊಂದರ ವಾರ್ತೆ ಬಂದೊಡನೆ "ಅಂಥವರನ್ನು ನಡುಬೀದಿಯಲ್ಲಿ ನೇಣಿಗೇರಿಸಬೇಕು" ಎಂಬ ಮಾತು ಸಾತ್ತ್ವಿಕರ ಮನೆಗಳಲ್ಲಿಯೂ ಕೇಳಿಬರುತ್ತದೆ. ನೊಂದವರ ಒಡಲುರಿಯನ್ನು ನಾವು ಹಗುರವಾಗಿ ಎಣಿಸಲಾರೆವು. ಆದರೆ ಒಡಲುರಿಯೇ ತೀರ್ಪಾಗಬಹುದೆ ಎಂಬುದು ವಿಚಾರಾರ್ಹವಾದುದು.

1985ರಲ್ಲಿ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಸೊಸೆಯನ್ನು ಸುಟ್ಟು ಕೊಂದ ಪ್ರಕರಣವೊಂದರಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು, ದಿನ, ವೇಳೆ, ಸ್ಥಳಗಳನ್ನು ಮೊದಲೇ ಸಾರಿ, ಜೈಪುರದ ಮೈದಾನದಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಬೇಕೆಂದು ಆದೇಶಿಸಿತ್ತು. ಅಪರಾಧವು ಅಮಾನುಷವಾದರೂ ಅದಕ್ಕೆ ಅಮಾನುಷ ಶಿಕ್ಷೆಯನ್ನೇ ವಿಧಿಸಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಾರಾಗೃಹದ ನಿಯಮಾವಳಿ ಒಪ್ಪಿದರೂ ಬಹಿರಂಗ ಗಲ್ಲು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ಸ್ಪಷ್ಟಪಡಿಸಿತು. ಇದು ಅಪರಾಧಿಯ ಮೇಲಿನ ಕನಿಕರವಷ್ಟೇ ಅಲ್ಲ. ಮೈದಾನದಲ್ಲಿ ನೆರೆಯುವವರು ಯಾರು? ನಾವು, ನಮ್ಮ ಹೆಗಲೇರಿದ ನಮ್ಮ ಮಕ್ಕಳು. ಮನುಷ್ಯನ ಸಾವನ್ನು ಜಾತ್ರೆಯಂತೆ ನೋಡಿ ಬಂದ ಮಗು ಯಾವ ಧರ್ಮವನ್ನು ಕಲಿತೀತು?

ಶರಣಪರಂಪರೆಗೆ ಈ ಅರಿವು ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಕುಲದ ಕಟ್ಟಳೆ ಮೀರಿ ಮಕ್ಕಳ ವಿವಾಹ ನೆರವೇರಿಸಿದ ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಅರಸನ ಆಜ್ಞೆಯಾದ್ದರಿಂದ ಅಂದಿನ ಲೆಕ್ಕದಲ್ಲಿ ಅದೂ ನ್ಯಾಯವೇ! ಅದರಿಂದ ಕಲ್ಯಾಣಕ್ಕೆ ಶಾಂತಿ ದೊರೆಯಲಿಲ್ಲ. ಅರಸನೂ ಕೊಲೆಯಾದನು, ಶರಣರು ದಿಕ್ಕುಪಾಲಾದರು.

"ಅವರು ನಿರಪರಾಧಿಗಳು, ಇವರು ಪಾತಕಿಗಳು; ಹೋಲಿಕೆ ಎಲ್ಲಿ?" ಎಂದು ಕೇಳಬಹುದು. ನಿಜ. ಆದರೆ ಅಂದು ದಂಡಿಸಿದವರ ಕಣ್ಣಿಗೆ ಅವರೂ ಪಾತಕಿಗಳೇ ಆಗಿದ್ದರು. ಪಾತಕಿಗೆ ಎಂಥ ಹಿಂಸೆಯೂ ಸಲ್ಲುವುದೆಂದು ಒಮ್ಮೆ ಒಪ್ಪಿದರೆ, ಪಾತಕಿ ಯಾರೆಂದು ನಿರ್ಣಯಿಸುವವರ ಕೈಗೆ ಎಳೆಹೂಟೆಯ ಹಗ್ಗವನ್ನು ನಾವೇ ಕೊಟ್ಟಂತಾಗುತ್ತದೆ.

ಶಿಕ್ಷೆ ಬೇಡವೆಂದು ನಾವು ಹೇಳುತ್ತಿಲ್ಲ. ಅಪರಾಧಿ ತಪ್ಪಿಸಿಕೊಳ್ಳಬಾರದು, ವಿಚಾರಣೆ ವರ್ಷಗಟ್ಟಲೆ ತೆವಳಬಾರದು, ನೊಂದ ಕುಟುಂಬ ನ್ಯಾಯಕ್ಕಾಗಿ ಅಲೆಯಬಾರದು. ಸುಟ್ಟು ಸತ್ತ ಸೊಸೆಗೆ ಗಲ್ಲಿನ ಪ್ರದರ್ಶನದಿಂದ ಜೀವ ಬಾರದು. ಅವಳ ಕೂಗನ್ನು ಮೊದಲೇ ಕೇಳಿಸಿಕೊಳ್ಳುವ ನೆರೆಮನೆ, ಮಗಳನ್ನು "ಹೊಂದಿಕೊಂಡು ಹೋಗು" ಎಂದು ಮರಳಿ ಅಟ್ಟದ ತವರು, ವರದಕ್ಷಿಣೆ ಕೇಳದ ಬೀಗರು ಇದ್ದಿದ್ದರೆ ಅವಳು ಬದುಕುತ್ತಿದ್ದಳೋ ಏನೋ. ಸದ್ಭಕ್ತರು ಕಠಿಣ ಶಿಕ್ಷೆಯನ್ನು ಬಯಸುವ ಮುನ್ನ ಈ ಮೂರನ್ನು ತಮ್ಮ ಮನೆಯಲ್ಲಿ ಸಾಧಿಸಲೆಂದು ಪ್ರಾರ್ಥಿಸುತ್ತೇವೆ.